ಪ್ರಶ್ನೋತ್ತರ: ಆನ್‌ಲೈನ್ ಹರಾಜಿನಲ್ಲಿ ಹಳೆಯ ವಸ್ತುಗಳನ್ನು ಮಾರುವುದು, ಕಟ್ಟಿ ಕಳುಹಿಸುವುದು

ನಿರ್ವಾಹಕರು: ಸದಸ್ಯರೆಲ್ಲರಿಗೂ ನಮಸ್ಕಾರ. ಗ್ರಾಮಫೋನ್ ತಟ್ಟೆ, ನಾಣ್ಯ, ಕ್ಯಾಮೆರಾಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವುದನ್ನೇ ಹದಿನೆಂಟು ವರ್ಷಗಳಿಂದ ಜೀವನೋಪಾಯ ಮಾಡಿಕೊಂಡಿರುವ ಮೈಸೂರಿನ ವ್ಯಾಪಾರಿಗಳು ಇಂದು ಸಂಜೆ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಒಮ್ಮೆ ಓದಬೇಕಾಗಿ ವಿನಂತಿ.

ತುಮಕೂರಿನ ಸದಸ್ಯರು: ಸರ್, ನಮ್ಮ ತಂದೆಯವರ ಹಳೆಯ ಫಿಲ್ಮ್ ಕ್ಯಾಮೆರಾವನ್ನು ಹರಾಜಿಗೆ ಇಡಬೇಕೆಂದಿದ್ದೇನೆ. ಆರಂಭದ ಬೆಲೆಯನ್ನು ಹೇಗೆ ನಿರ್ಧರಿಸಬೇಕು? ಲೆನ್ಸಿನೊಳಗೆ ಬೂಷ್ಟು ಹಿಡಿದಂತೆ ಕಾಣುತ್ತದೆ. ಅದನ್ನೂ ಬರೆಯಬೇಕೇ?

ಮೈಸೂರಿನ ವ್ಯಾಪಾರಿ: ಅದೇ ಮಾದರಿಯ ಕ್ಯಾಮೆರಾಕ್ಕೆ ಜನ ಎಷ್ಟು ಕೇಳುತ್ತಿದ್ದಾರೆ ಎಂಬುದನ್ನು ನೋಡಬೇಡಿ, ಮುಗಿದ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ಎಂಬುದನ್ನು ನೋಡಿ. ಆ ಬೆಲೆಯ ಅರ್ಧದಷ್ಟರಿಂದ ಆರಂಭಿಸಿದರೆ ನಾಲ್ಕು ಜನ ಸವಾಲು ಹಾಕುತ್ತಾರೆ. ಪೂರ್ಣ ಬೆಲೆಯನ್ನೇ ಆರಂಭಕ್ಕೆ ಇಟ್ಟರೆ ಒಬ್ಬರೂ ಬಾಗಿಲಿಗೆ ಬರುವುದಿಲ್ಲ. ಹರಾಜು ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಮುಗಿಯುವಂತೆ ಇಡಿ, ಏಕೆಂದರೆ ಹೆಚ್ಚಿನ ಸವಾಲುಗಳು ಬರುವುದೇ ಕೊನೆಯ ನಿಮಿಷದಲ್ಲಿ. ಬೂಷ್ಟನ್ನು ಬರೆಯುವುದಷ್ಟೇ ಅಲ್ಲ, ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ಅದು ಕಾಣುವಂತೆ ಚಿತ್ರವನ್ನೂ ಹಾಕಿ. ನೀವು ಮುಚ್ಚಿಟ್ಟ ದೋಷ ಕೊಳ್ಳುವವನ ಕೈಯಲ್ಲಿ ಎರಡು ಪಟ್ಟಾಗಿ ನಿಮ್ಮ ಮನೆಗೇ ಮರಳುತ್ತದೆ.

ದಾವಣಗೆರೆಯ ಸದಸ್ಯರು: ನನ್ನ ಬಳಿ ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿಯ ನೋಟು ಇದೆ. ಇದಕ್ಕೆ ಎಷ್ಟು ಲಕ್ಷ ಸಿಗಬಹುದು?

ಮೈಸೂರಿನ ವ್ಯಾಪಾರಿ: ಅಂಗಡಿಯಲ್ಲಿ ಐದು ರೂಪಾಯಿ ಸಿಗುತ್ತದೆ. ಲಕ್ಷ ಕೊಡುತ್ತೇವೆಂದು ಹೇಳಿ ಮೊದಲು ‘ನೋಂದಣಿ ಶುಲ್ಕ’ ಕೇಳುವವರು ವಂಚಕರು. ಇಂತಹ ವ್ಯವಹಾರಗಳಲ್ಲಿ ತನ್ನ ಹೆಸರು ಮತ್ತು ಲಾಂಛನವನ್ನು ದುರುಪಯೋಗ ಮಾಡಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ.

ಹಾಸನದ ಸದಸ್ಯರು: ಸರ್, ತಿಂಗಳಿಗೆ ಹತ್ತು ಹನ್ನೆರಡು ವಸ್ತುಗಳನ್ನು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವೇ?

ಧಾರವಾಡದ ಸದಸ್ಯೆ: ಸರ್, ನಮಸ್ಕಾರ. ನಮ್ಮ ಅಜ್ಜನವರ ಪೆಟ್ಟಿಗೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ವೇಗದ ನಲವತ್ತು ಗ್ರಾಮಫೋನ್ ತಟ್ಟೆಗಳಿದ್ದವು. ಅವುಗಳಲ್ಲಿ ಹನ್ನೆರಡನ್ನು ಒಂದೇ ಗುಂಪಾಗಿ ಹರಾಜಿಗೆ ಇಟ್ಟಿದ್ದೆ. 9,600 ರೂಪಾಯಿಗೆ ಹೊರರಾಜ್ಯದ ಒಬ್ಬರು ಕೊಂಡರು. ಪ್ರತಿ ತಟ್ಟೆಗೂ ವೃತ್ತಪತ್ರಿಕೆ ಸುತ್ತಿ, ಸೀರೆಯ ರಟ್ಟಿನ ಡಬ್ಬಿಯಲ್ಲಿಟ್ಟು, ಅದನ್ನು ಇನ್ನೊಂದು ದೊಡ್ಡ ಡಬ್ಬಿಯಲ್ಲಿಟ್ಟು ಕಳುಹಿಸಿದೆ. ನಿನ್ನೆ ಅವರು ಮೂರು ತಟ್ಟೆಗಳು ಒಡೆದಿರುವ ಒಂದು ಚಿತ್ರವನ್ನು ಕಳುಹಿಸಿ, ಪೂರ್ತಿ ಹಣ ಮರಳಿಸಬೇಕು, ಒಡೆದವುಗಳನ್ನು ತಾವೇ ಎಸೆದುಬಿಡುತ್ತೇವೆ, ಇಲ್ಲವಾದರೆ ಕೆಟ್ಟ ಅಭಿಪ್ರಾಯ ಬರೆಯುತ್ತೇವೆ ಎನ್ನುತ್ತಿದ್ದಾರೆ. ನಾನೇನು ಮಾಡಲಿ?

ಮೈಸೂರಿನ ವ್ಯಾಪಾರಿ: ತಾಯಿ, ಮೊದಲು ಹಣ ಮರಳಿಸಬೇಡಿ, ಜಗಳವನ್ನೂ ಆಡಬೇಡಿ. ಒಡೆದ ಮೂರನ್ನು ತೋರಿಸಿ ಹನ್ನೆರಡರ ಹಣ ಕೇಳುವವರನ್ನು, ಅದರಲ್ಲಿಯೂ ಚೂರುಗಳನ್ನು ತಾವೇ ಎಸೆಯುತ್ತೇವೆ ಎನ್ನುವವರನ್ನು ಕಂಡರೆ ನನಗೆ ಅನುಮಾನ ಬರುತ್ತದೆ. ಹಾಗೆಂದು ಅವರನ್ನು ಈಗಲೇ ಕಳ್ಳರೆನ್ನುವಂತೆಯೂ ಇಲ್ಲ, ಏಕೆಂದರೆ ನಿಮ್ಮ ಕಟ್ಟುವಿಕೆಯೂ ಚೆನ್ನಾಗಿಲ್ಲ.

ಮೊದಲನೆಯದಾಗಿ, ಡಬ್ಬಿಯ ಆರೂ ಮುಖಗಳ ಚಿತ್ರವನ್ನು ಮತ್ತು ಪ್ರತಿ ಒಡೆದ ತಟ್ಟೆಯ ಎರಡೂ ಬದಿಗಳ ಚಿತ್ರವನ್ನು ಹಗಲಿನ ಬೆಳಕಿನಲ್ಲಿ ತೆಗೆದು ಕಳುಹಿಸುವಂತೆ ಕೇಳಿ. ಈ ಮಾತು ಹರಾಜು ತಾಣದ ಸಂದೇಶ ಪೆಟ್ಟಿಗೆಯಲ್ಲಿಯೇ ನಡೆಯಲಿ, ವಾಟ್ಸ್‌ಆ್ಯಪ್‌ನಲ್ಲಿ ಬೇಡ. ತಟ್ಟೆಯ ಕೊನೆಯ ಗೀರು ಮುಗಿದು ಲೇಬಲ್ ಆರಂಭವಾಗುವ ನಡುವೆ ನುಣುಪಾದ ಒಂದು ಪಟ್ಟಿ ಇರುತ್ತದೆ. ಅಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂತೆ, ಅಚ್ಚಿನ ಸಂಖ್ಯೆಯೊಂದು ಒತ್ತಿರುತ್ತದೆ. ಒಂದೊಂದು ಬದಿಗೆ ಒಂದೊಂದು ಸಂಖ್ಯೆ. ಮಾರಾಟಕ್ಕೆ ಮೊದಲು ನೀವು ತೆಗೆದ ಚಿತ್ರಗಳಲ್ಲಿ ಆ ಸಂಖ್ಯೆ ಕಾಣುತ್ತಿದ್ದರೆ ಹೋಲಿಸಿ ನೋಡಿ. ಬೇರೆಯಾಗಿದ್ದರೆ ಅದು ನಿಮ್ಮ ತಟ್ಟೆಯಲ್ಲ. ಒಂದೇ ಆಗಿದ್ದ ಮಾತ್ರಕ್ಕೆ ನಿಮ್ಮದೇ ಎಂದೂ ಹೇಳಲಾಗದು, ಏಕೆಂದರೆ ಅದೇ ಹಾಡಿನ ಇನ್ನೊಂದು ಪ್ರತಿಯಲ್ಲಿಯೂ ಅದೇ ಸಂಖ್ಯೆ ಇರಬಹುದು. ಆಗ ನೋಡಬೇಕಾದದ್ದು ಲೇಬಲ್ಲಿನ ಗುರುತುಗಳನ್ನು: ತಟ್ಟೆ ಕೂರಿಸುವಾಗ ನಡುವಿನ ತೂತಿನ ಸುತ್ತ ಗ್ರಾಮಫೋನಿನ ಮೊಳೆ ತಡಕಾಡಿದ ಗೀರುಗಳು, ಅಂಚಿನ ಹಳೆಯ ಚಕ್ಕೆ, ಮನೆಯವರು ಬರೆದ ಮಸಿಯ ಅಕ್ಷರ. ಒಡೆದ ಅಂಚನ್ನೂ ನೋಡಿ. ಹಳೆಯ ಬಿರುಕಾದರೆ ಅದರೊಳಗೆ ವರ್ಷಗಳ ಧೂಳು ಕೂತಿರುತ್ತದೆ, ಹೊಸದಾಗಿ ಮುರಿದದ್ದು ಶುಭ್ರವಾಗಿರುತ್ತದೆ.

ಇನ್ನು ಕಟ್ಟುವ ವಿಷಯ. ಉಳಿದ ಇಪ್ಪತ್ತೆಂಟು ತಟ್ಟೆಗಳಿಗಾದರೂ ಇದು ಬೇಕಾಗುತ್ತದೆ. 78ರ ತಟ್ಟೆ ನಂತರದ ಕಾಲದ ಎಲ್‌ಪಿ ತಟ್ಟೆಯಂತೆ ಬಾಗುವ ಪ್ಲಾಸ್ಟಿಕ್ ಅಲ್ಲ. ಅದು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು, ಹಂಚಿನಂತೆ ಒಡೆಯುತ್ತದೆ. ಹತ್ತು ಅಂಗುಲದ ತಟ್ಟೆಗೆ 30 ಸೆಂಟಿಮೀಟರ್ ಚೌಕದ ದಪ್ಪ ಕಾರ್ಟನ್ ರಟ್ಟುಗಳನ್ನು ಕತ್ತರಿಸಿಕೊಳ್ಳಿ. ಒಂದು ರಟ್ಟು, ಕಾಗದದ ಚೀಲದೊಳಗಿನ ಒಂದು ತಟ್ಟೆ, ಮತ್ತೆ ಒಂದು ರಟ್ಟು, ಹೀಗೆ ಆರಕ್ಕಿಂತ ಹೆಚ್ಚಿಲ್ಲದಂತೆ ಜೋಡಿಸಿ, ಒಳಗೆ ಅಲುಗಾಡದಂತೆ, ಆದರೆ ಬಿಗಿಯದಂತೆ ಟೇಪು ಸುತ್ತಿ. ತಟ್ಟೆಯ ಅಂಚು ಎಲ್ಲಿಯೂ ರಟ್ಟಿನ ಅಂಚನ್ನು ಮುಟ್ಟಬಾರದು. ಆ ಕಟ್ಟುಗಳು ಹೊರಡಬ್ಬಿಯ ನಡುವೆ, ಆರೂ ಕಡೆ ಕನಿಷ್ಠ ಐದು ಸೆಂಟಿಮೀಟರ್ ಬಬಲ್ ಶೀಟಿನ ಹಾಸಿಗೆಯಲ್ಲಿ ತೇಲುತ್ತಿರಬೇಕು. ವೃತ್ತಪತ್ರಿಕೆ ಎರಡು ದಿನಗಳ ಪ್ರಯಾಣದಲ್ಲಿ ಚಪ್ಪಟೆಯಾಗಿ, ತಟ್ಟೆಗೆ ತಟ್ಟೆ ತಾಗುತ್ತದೆ. ಸೀರೆಯ ಡಬ್ಬಿ ಸೀರೆಗಷ್ಟೇ.

ಕೊನೆಯದಾಗಿ, ತಟ್ಟೆಯನ್ನು ಕ್ಯಾಮೆರಾಕ್ಕೆ ತೋರಿಸುವುದರಿಂದ ಹಿಡಿದು ವಿಳಾಸದ ಚೀಟಿ ಅಂಟಿಸುವವರೆಗೆ ಎಲ್ಲಿಯೂ ನಿಲ್ಲಿಸದೆ ಒಂದೇ ವಿಡಿಯೋ ತೆಗೆದಿಡಿ. ‘ಒಡೆಯುವ ವಸ್ತು’ ಎಂಬ ಚೀಟಿಯನ್ನು ಬೇಕಾದರೆ ಅಂಟಿಸಿ, ಆದರೆ ಡಬ್ಬಿಯನ್ನು ಎದೆಯೆತ್ತರದಿಂದ ಎಸೆಯುತ್ತಾರೆಂದು ತಿಳಿದೇ ಕಟ್ಟಿ.

ಹುಬ್ಬಳ್ಳಿಯ ಸದಸ್ಯರು: ಇಷ್ಟೆಲ್ಲ ಕಷ್ಟಪಡುವ ಬದಲು ಖಾಸಗಿ ಕೊರಿಯರ್‌ನಲ್ಲಿ ಕಳುಹಿಸಿದ್ದರೆ ಒಡೆಯುತ್ತಲೇ ಇರಲಿಲ್ಲ. ಅಂಚೆಯವರು ಡಬ್ಬಿಗಳನ್ನು ಚೆಂಡಿನಂತೆ ಆಡುತ್ತಾರೆ.

ಮಂಗಳೂರಿನ ಸದಸ್ಯರು: ನಾನು ಹನ್ನೊಂದು ವರ್ಷಗಳಿಂದ ಸ್ಪೀಡ್ ಪೋಸ್ಟ್‌ನಲ್ಲಿಯೇ ಕಳುಹಿಸುತ್ತಿದ್ದೇನೆ, ಒಂದು ವಸ್ತುವೂ ಒಡೆದಿಲ್ಲ. ಖಾಸಗಿಯವರು ಹಳ್ಳಿಯ ಪಿನ್‌ಕೋಡ್ ಕಂಡ ಕೂಡಲೇ ‘ಸೇವೆ ಇಲ್ಲ’ ಎನ್ನುತ್ತಾರೆ. ಅಂಚೆಯಣ್ಣ ಸುಳ್ಯದ ತೋಟದ ಮನೆಗೂ ನಡೆದು ಹೋಗುತ್ತಾನೆ.

ಹುಬ್ಬಳ್ಳಿಯ ಸದಸ್ಯರು: ತಾವು ಕಳುಹಿಸುವುದು ಅಂಚೆಚೀಟಿಗಳನ್ನಲ್ಲವೇ? ಅಂಚೆಚೀಟಿ ಒಡೆಯುವುದು ಹೇಗೆ?

ಮಂಗಳೂರಿನ ಸದಸ್ಯರು: ಪಿಂಗಾಣಿಯನ್ನೂ ಕಳುಹಿಸಿದ್ದೇನೆ. ತಿಳಿಯದೆ ಮಾತನಾಡುವುದು ಬೇಡ.

ಮೈಸೂರಿನ ವ್ಯಾಪಾರಿ: ಇಬ್ಬರೂ ಸ್ವಲ್ಪ ತಾಳಿ. ಒಡೆಯುವುದು ಕಟ್ಟುವವರ ಕೈಯಲ್ಲಿದೆ, ಒಯ್ಯುವವರ ಕೈಯಲ್ಲಿ ಅರ್ಧ ಮಾತ್ರ. ನೋಡಬೇಕಾದದ್ದು ತೂಕದ ಲೆಕ್ಕವನ್ನು. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ತಕ್ಕಡಿಯ ತೂಕಕ್ಕಿಂತ ಹೆಚ್ಚಿದ್ದರೆ ಅಷ್ಟು ಕಿಲೋಗೆ ಹಣ ಕೇಳುತ್ತಾರೆ. ಹನ್ನೆರಡು ತಟ್ಟೆಗಳ 40, 40, 20ರ ಡಬ್ಬಿ ತಕ್ಕಡಿಯಲ್ಲಿ ನಾಲ್ಕು ಕಿಲೋ ತೂಗಿದರೂ ಲೆಕ್ಕದಲ್ಲಿ 6.4 ಕಿಲೋ ಆಗುತ್ತದೆ. ಹರಾಜಿಗೆ ಇಡುವ ಮೊದಲೇ ವಸ್ತುವನ್ನು ಕಟ್ಟಿ, ಅಳೆದು, ಸಾಗಣೆ ವೆಚ್ಚವನ್ನು ಬರೆಯದಿದ್ದರೆ ಈ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಬೆಲೆಬಾಳುವುದನ್ನು ಯಾರ ಮೂಲಕ ಕಳುಹಿಸಿದರೂ ವಿಮೆ ಮಾಡಿಸಿ.

ಬಳ್ಳಾರಿಯ ಸದಸ್ಯರು: ಎಲ್ಲರಿಗೂ ಉಪಯುಕ್ತ ಮಾಹಿತಿ, ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ: ‘ಹಳೆಯ ತಾಮ್ರದ ನಾಣ್ಯಗಳನ್ನು ಹುಣಸೆಹಣ್ಣು ಮತ್ತು ಉಪ್ಪಿನಲ್ಲಿ ಉಜ್ಜಿದರೆ ಮೂರು ಪಟ್ಟು ಬೆಲೆ. ಗ್ರಾಮಫೋನ್ ತಟ್ಟೆಗಳನ್ನು ಸ್ಯಾನಿಟೈಸರ್‌ನಿಂದ ಒರೆಸಿದರೆ ಹೊಸದರಂತೆ ಹೊಳೆಯುತ್ತವೆ. ಬಾಗಿದ ತಟ್ಟೆಯನ್ನು ಬಿಸಿಲಿನಲ್ಲಿಡಿ.’

ಮೈಸೂರಿನ ವ್ಯಾಪಾರಿ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ, ಮುಂದಕ್ಕೂ ಕಳುಹಿಸಬೇಡಿ. ಹುಣಸೆಹಣ್ಣಿನಲ್ಲಿ ಉಜ್ಜುವುದು ಹಬ್ಬದ ಹಿಂದಿನ ದಿನ ತಾಮ್ರದ ಚೊಂಬಿಗೆ ಸರಿ. ನಾಣ್ಯದ ಮೇಲಿನ ಕಂದು ಪದರವನ್ನೇ ನೋಡಿ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ. ತಿಕ್ಕಿದ ನಾಣ್ಯವನ್ನು ಅವರು ಚಿತ್ರದಲ್ಲಿಯೇ ಗುರುತಿಸಿ ಮುಂದೆ ಹೋಗುತ್ತಾರೆ. ಸ್ಯಾನಿಟೈಸರ್‌ನಲ್ಲಿರುವುದು ಆಲ್ಕೋಹಾಲ್, ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಬಡಗಿಗಳು ಮರಕ್ಕೆ ಹಚ್ಚುವ ಪಾಲಿಶ್ ಆಗುವುದೇ ಹಾಗೆ. ಅದರಿಂದ 78ರ ತಟ್ಟೆಯನ್ನು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ, ಆ ಕಪ್ಪು ನಿಮ್ಮ ಹಾಡು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಮೆದು ಸೋಪು ಹಾಕಿ, ಲೇಬಲ್ ತೇವವಾಗದಂತೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲಿನ ಮಾತಿಗೆ ಉತ್ತರ ಹೇಳುವಷ್ಟು ತಾಳ್ಮೆ ನನಗಿಲ್ಲ.

ಬಳ್ಳಾರಿಯ ಸದಸ್ಯರು: ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. ಇಷ್ಟು ಕೋಪ ಅಗತ್ಯವಿರಲಿಲ್ಲ.

ಕೋಲಾರದ ಸದಸ್ಯರು: ಟ್ರ್ಯಾಕ್ಟರ್ ಇರುವ ಐದು ರೂಪಾಯಿಯ ನೋಟಿನಲ್ಲಿ 786 ಸಂಖ್ಯೆಯೂ ಇದ್ದರೆ?

ಮೈಸೂರಿನ ವ್ಯಾಪಾರಿ: ಐದು ರೂಪಾಯಿ.

ಶಿವಮೊಗ್ಗದ ಸದಸ್ಯರು: ಸರ್, ಹರಾಜು ಗೆದ್ದವರು ತಾವು ಸೈನ್ಯದಲ್ಲಿರುವುದಾಗಿ ಹೇಳಿ, ಹಣ ಕಳುಹಿಸಲು ಒಂದು ಕ್ಯೂಆರ್ ಚಿತ್ರವನ್ನು ಕಳುಹಿಸಿದ್ದಾರೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನನ್ನ ಖಾತೆಗೆ ಹಣ ಬರುತ್ತದೆಯಂತೆ.

ಮೈಸೂರಿನ ವ್ಯಾಪಾರಿ: ಹಣ ಬರುವುದಕ್ಕೆ ಪಿನ್ ಬೇಡ, ಪಿನ್ ಬೇಕಾಗುವುದು ಹಣ ಹೋಗುವುದಕ್ಕೆ ಮಾತ್ರ. ಒತ್ತಬೇಡಿ. ಈಗಾಗಲೇ ಒತ್ತಿದ್ದರೆ ಇದನ್ನು ಓದುವುದನ್ನು ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಶಿರಸಿಯ ಸದಸ್ಯರು: ನಮ್ಮ ಮನೆಯ ಅಟ್ಟದಲ್ಲಿ ಒಂದು ತಾಳೆಗರಿಯ ಕಟ್ಟು ಸಿಕ್ಕಿದೆ. ವಿದೇಶದ ಹರಾಜು ತಾಣದಲ್ಲಿ ಒಳ್ಳೆಯ ಬೆಲೆ ಇದೆಯಂತೆ. ಕಸ್ಟಮ್ಸ್ ಪತ್ರದಲ್ಲಿ ‘ಮರದ ಕರಕುಶಲ ವಸ್ತು’ ಎಂದು ಬರೆದರೆ ತೊಂದರೆಯಾಗುವುದಿಲ್ಲ ಎಂದು ಒಬ್ಬರು ತಿಳಿಸಿದ್ದಾರೆ.

ಮೈಸೂರಿನ ವ್ಯಾಪಾರಿ: ಹಾಗೆ ತಿಳಿಸಿದವರು ನಿಮ್ಮೊಡನೆ ಜೈಲಿಗೆ ಬರುವುದಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಚಿತ್ರಗಳು ಪ್ರಾಚ್ಯವಸ್ತುಗಳು. ಸಾಹಿತ್ಯ, ಇತಿಹಾಸ, ಶಾಸ್ತ್ರಗಳ ದೃಷ್ಟಿಯಿಂದ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದೇ ವರ್ಷ ಸಾಕು. ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಕಳುಹಿಸಿದರೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ವಸ್ತುವಿನ ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಿಂದ ಪಡೆಯಬೇಕು. ಕಟ್ಟನ್ನು ಬಿಚ್ಚದೆ, ಎಣ್ಣೆ ಹಚ್ಚದೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಯ್ದು ಮೊದಲು ಓದಿಸಿ. ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಅಲ್ಲಿನ ಗ್ರಂಥಪಾಲಕರಾಗಿದ್ದ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಗೆ ಯಾರೋ ತಂದುಕೊಟ್ಟ ಇಂತಹದೇ ಒಂದು ಕಟ್ಟಿನಲ್ಲಿ.

ನ್ಯೂಜೆರ್ಸಿಯ ಸದಸ್ಯರು: ಮೈಸೂರಿನಿಂದ ನಾನು ಕೊಂಡ 1960ರ ದಶಕದ ಎಲ್‌ಪಿಗಳನ್ನು, ಸುಂಕ ಬೀಳದಂತೆ, ‘ಉಡುಗೊರೆ’ ಎಂದು ಬರೆದು ಕಳುಹಿಸಲು ಮಾರುವವರನ್ನು ಕೇಳಬಹುದೇ?

ಮೈಸೂರಿನ ವ್ಯಾಪಾರಿ: ಕೇಳಬಾರದು. 800 ಡಾಲರ್‌ವರೆಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿದೆ. ಸುಂಕವನ್ನು ಯಾರು ಕೊಡಬೇಕೆಂಬುದನ್ನು ಸವಾಲು ಹಾಕುವ ಮೊದಲೇ ಮಾತನಾಡಿಕೊಳ್ಳಿ. ಸುಳ್ಳು ಬರೆದ ಡಬ್ಬಿ ಕಳೆದುಹೋದರೆ ವಿಮೆಯೂ ಸಿಗುವುದಿಲ್ಲ.

ಹುಬ್ಬಳ್ಳಿಯ ಸದಸ್ಯರು: ಕನ್ನಡದ ತಟ್ಟೆಗಳು ಹೀಗೆ ಅಮೆರಿಕಕ್ಕೆ ಹೋಗುತ್ತಿರುವುದನ್ನು ಕಂಡರೆ ಬೇಸರವಾಗುತ್ತದೆ.

ನ್ಯೂಜೆರ್ಸಿಯ ಸದಸ್ಯರು: ಇಲ್ಲಿ ಅವನ್ನು ಪ್ರತಿ ಭಾನುವಾರ ಕೇಳುತ್ತೇವೆ. ತಮ್ಮಲ್ಲಿ ಅವು ಅಟ್ಟದ ಮೇಲಿದ್ದವು.

ಮಂಗಳೂರಿನ ಸದಸ್ಯರು: ಹುಬ್ಬಳ್ಳಿಯವರಿಗೆ ಎಲ್ಲದಕ್ಕೂ ಒಂದು ಅಭಿಪ್ರಾಯವಿದೆ.

ಹುಬ್ಬಳ್ಳಿಯ ಸದಸ್ಯರು: ಅಂಚೆಚೀಟಿಯವರು ಸುಮ್ಮನಿದ್ದರೆ ಒಳ್ಳೆಯದು.

ನಿರ್ವಾಹಕರು: ವೈಯಕ್ತಿಕ ಟೀಕೆಗಳನ್ನು ಅಳಿಸಲಾಗುವುದು.

ಹಾಸನದ ಸದಸ್ಯರು: ನನ್ನ ಜಿಎಸ್‌ಟಿ ಪ್ರಶ್ನೆಯನ್ನು ಯಾರೂ ಗಮನಿಸಿದಂತಿಲ್ಲ.

ಧಾರವಾಡದ ಸದಸ್ಯೆ: ಸರ್, ಅವರು ಚಿತ್ರಗಳನ್ನು ಕಳುಹಿಸಿದ್ದಾರೆ. ಡಬ್ಬಿಯ ಒಂದು ಮೂಲೆ ನಿಜವಾಗಿಯೂ ಒಳಗೆ ಹೋಗಿದೆ. ಅಜ್ಜನವರು ಪ್ರತಿ ಲೇಬಲ್ಲಿನ ಅಂಚಿನಲ್ಲಿ ನೀಲಿ ಮಸಿಯಿಂದ ಕ್ರಮಸಂಖ್ಯೆ ಬರೆಯುತ್ತಿದ್ದರು. ಒಡೆದ ಎರಡು ತಟ್ಟೆಗಳಲ್ಲಿ 7 ಮತ್ತು 19 ಎಂಬುದು ಸ್ಪಷ್ಟವಾಗಿದೆ. ಮೂರನೆಯದು ನಾನು ಕಳುಹಿಸಿದ ತಟ್ಟೆಯ ಹಾಡಿನದೇ, ಅಚ್ಚಿನ ಸಂಖ್ಯೆಯೂ ಅದೇ, ಆದರೆ ಮಸಿಯ ಗುರುತಿಲ್ಲ. ನನ್ನ ಹಳೆಯ ಚಿತ್ರದಲ್ಲಿ ಅದರ ಮೇಲೆ 22 ಎಂದಿದೆ. ಬಿರುಕಿನೊಳಗೆ ಧೂಳೂ ಇದೆ.

ಮೈಸೂರಿನ ವ್ಯಾಪಾರಿ: ಹಾಗಾದರೆ ಎರಡು ನಿಮ್ಮ ತಪ್ಪು, ಒಂದು ಅವರ ಕೈಚಳಕ. 7 ಮತ್ತು 19ರ ಚೂರುಗಳನ್ನು ಮರಳಿ ತರಿಸಿಕೊಂಡು, ತಟ್ಟೆಗೆ 800ರಂತೆ 1,600 ರೂಪಾಯಿಯನ್ನೂ ಅವುಗಳ ಪಾಲಿನ ಸಾಗಣೆ ವೆಚ್ಚವನ್ನೂ ಕೊಡಿ. ಅವರು ಆ ಎರಡೇ ಹೆಚ್ಚು ಬೆಲೆಯವು ಎಂದು ವಾದಿಸಬಹುದು. ಹನ್ನೆರಡನ್ನು ಒಂದೇ ಗುಂಪಾಗಿ ಮಾರಿದ್ದಕ್ಕೆ ಆ ವಾದವನ್ನು ಕೇಳಬೇಕಾಗುತ್ತದೆ. 22ರ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಬೈಗುಳವಿಲ್ಲದೆ ಐದು ಸಾಲುಗಳಲ್ಲಿ ಹರಾಜು ತಾಣಕ್ಕೆ ಇಂದು ರಾತ್ರಿಯೇ ದೂರು ಕೊಡಿ. ತಡಮಾಡಿದರೆ ತೀರ್ಮಾನ ಅವರ ಕಡೆಗೆ ವಾಲುತ್ತದೆ.

ಧಾರವಾಡದ ಸದಸ್ಯೆ: ಬರೆಯಲು ಕುಳಿತಿದ್ದೇನೆ ಸರ್. ಉಳಿದ ಇಪ್ಪತ್ತೆಂಟನ್ನು ಮಾರಲೇ?

ಮೈಸೂರಿನ ವ್ಯಾಪಾರಿ: ಮೊದಲು ಅವುಗಳ ಲೇಬಲ್ಲುಗಳನ್ನು, ನೀಲಿ ಸಂಖ್ಯೆ ಕಾಣುವಂತೆ, ಒಂದೊಂದಾಗಿ ಚಿತ್ರ ತೆಗೆದು ನನಗೆ ಕಳುಹಿಸಿ. ಒಂದೊಂದಾಗಿಯೇ ಮಾರೋಣ.

ಚಿತ್ರದುರ್ಗದ ಸದಸ್ಯರು: ಸರ್, ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಎಷ್ಟು ಲಕ್ಷ ಸಿಗುತ್ತದೆ?