ಡ್ರಮ್ಮರ್ ಊರಿಗೆ ಹೊರಟಿದ್ದಾನೆ, ಬ್ಯಾಂಡ್ ಏನು ಮಾಡೋದು?

ಕೌಲ್‌ಬಜಾರ್ ಗಿಟಾರ್:
ನಮಸ್ಕಾರ. ಬಳ್ಳಾರಿಯಲ್ಲಿ ನಾಲ್ಕು ಜನ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೇವೆ. ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರ ಮೇಲಿನ ರೂಮಿನಲ್ಲಿ ಪ್ರಾಕ್ಟೀಸ್. ಕೆಳಗೆ ಮಿಷಿನ್ ನಿಂತ ಮೇಲೆ ನಮ್ಮ ಸದ್ದು ಶುರು. ಬೇಸ್ ಡ್ರಮ್‌ನ ಹೊಟ್ಟೆಗೆ ಜೀನ್ಸ್ ಕಟಿಂಗ್‌ನ ಚಿಂದಿ ತುಂಬಿದ್ದೇವೆ. ಗುಂಯ್ ಅನ್ನೋದು ಹೋಗಿ ಈಗ ಧಪ್ ಅಂತ ಗಟ್ಟಿಯಾಗಿ ಬರುತ್ತದೆ.

ವಿಷಯ ಏನಂದ್ರೆ, ನಮ್ಮ ಡ್ರಮ್ಮರ್ ಸಿರುಗುಪ್ಪ ಕಡೆಯವನು. ಅವರಪ್ಪನಿಗೆ ಈಗ ಓಡಾಡಲು ಆಗುತ್ತಿಲ್ಲ. ಭತ್ತದ ಗದ್ದೆ ನೋಡಿಕೊಳ್ಳಲು ಇವನೇ ಹೋಗಬೇಕು. ಜಗಳ ಏನಿಲ್ಲ, ಮನಸ್ಸಿಟ್ಟೇ ಹೋಗುತ್ತಿದ್ದಾನೆ. ಬೇಸ್ ಗಿಟಾರ್ ನುಡಿಸುವವನು ಲ್ಯಾಪ್‌ಟಾಪ್‌ನಲ್ಲೇ ಡ್ರಮ್ ಹಾಕೋಣ ಅನ್ನುತ್ತಾನೆ. ಹಾಡುವವನು ಬೆಂಗಳೂರಿಗೆ ಹೋಗೋಣ, ಇಲ್ಲಿದ್ದು ಏನೂ ಆಗಲ್ಲ ಅನ್ನುತ್ತಾನೆ. ಇನ್ನೊಂದು ತಕರಾರೂ ಇದೆ. ನಮ್ಮ ಹಾಡುಗಳ ಟ್ಯೂನ್ ಜಾಸ್ತಿ ನನ್ನದು, ಸಾಹಿತ್ಯ ಹಾಡುವವನದು. ರೆಕಾರ್ಡ್ ಮಾಡಿದಾಗ ಬಿಟ್ಟು ಹೋಗುವವನ ಹೆಸರೂ ಹಾಕಬೇಕಾ? ತಿಳಿದವರು ಹೇಳಿ.

ಹಂಪಿ ಎಕ್ಸ್‌ಪ್ರೆಸ್:
ನಾನೂ ಬಳ್ಳಾರಿಯವನೇ, ಈಗ ಬೆಂಗಳೂರಿನಲ್ಲಿದ್ದೇನೆ. ಬಂದುಬಿಡಿ. ಕೆಫೆ, ಪಬ್, ಕಾಲೇಜ್ ಫೆಸ್ಟ್ ಅಂತ ನುಡಿಸಲು ಜಾಗ ಇದೆ. ಗಂಟೆ ಲೆಕ್ಕದಲ್ಲಿ ಜಾಮ್ ರೂಮ್ ಬಾಡಿಗೆಗೆ ಸಿಗುತ್ತದೆ, ಡ್ರಮ್ ಸೆಟ್ ಅಲ್ಲೇ ಇರುತ್ತದೆ. ಹುಡುಕಿದರೆ ಡ್ರಮ್ಮರ್ ಕೂಡ ಸಿಗುತ್ತಾನೆ. ಆದ್ರೆ ಮೂವರೂ ಕೆಲಸ ನೋಡಿಕೊಂಡೇ ರೈಲು ಹತ್ತಿ.

ಮೈಕ್‌ಸೆಟ್ ಮಾಮ:
ತಮ್ಮಾ, ನಾನು ಗಂಗಾವತಿಯವನು. ಮದುವೆ, ಜಾತ್ರೆ, ನಾಟಕಕ್ಕೆ ಸೌಂಡ್ ಸಿಸ್ಟಂ ಬಾಡಿಗೆ ಕೊಡುತ್ತೇನೆ. ರಾಕ್ ಕೇಳೋದು ಹಳೇ ಹುಚ್ಚು. ನಿನ್ನ ಪ್ರಶ್ನೆ ಓದಿದ ಕೂಡಲೇ ಆರ್.ಇ.ಎಂ. ಬ್ಯಾಂಡ್ ನೆನಪಾಯಿತು. ನಿಮಗೆ ಬಂದ ಪರಿಸ್ಥಿತಿ ಅವರಿಗೂ ಬಂದಿತ್ತು.

ಅವರ ಊರು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್. ಯೂನಿವರ್ಸಿಟಿ ಇರುವ ಸಣ್ಣ ಊರು. 1980ರ ಏಪ್ರಿಲ್‌ನಲ್ಲಿ, ಒಂದು ಹಳೇ ಚರ್ಚಿನಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಮೊದಲ ಸಲ ನುಡಿಸಿದರು. ಹಾಡಲು ಮೈಕಲ್ ಸ್ಟೈಪ್, ಗಿಟಾರ್‌ಗೆ ಪೀಟರ್ ಬಕ್, ಬೇಸ್‌ಗೆ ಮೈಕ್ ಮಿಲ್ಸ್, ಡ್ರಮ್ಸ್‌ಗೆ ಬಿಲ್ ಬೆರಿ. ದೊಡ್ಡ ಪಟ್ಟಣಕ್ಕೆ ಗಂಟುಮೂಟೆ ಕಟ್ಟಲಿಲ್ಲ. ವ್ಯಾನ್ ಹತ್ತಿ ಊರೂರು ತಿರುಗಿ ನುಡಿಸುತ್ತಿದ್ದರು, ತಿರುಗಿ ಅಥೆನ್ಸ್‌ಗೇ ಬರುತ್ತಿದ್ದರು. 1983ರಲ್ಲಿ ‘ಮರ್ಮರ್’ ಆಲ್ಬಂ ಬಂತು. ಸ್ಟೈಪ್ ಏನು ಹಾಡುತ್ತಿದ್ದಾನೆ ಅಂತ ಅಲ್ಲಿಯವರಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೂ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನೇ ವರ್ಷದ ಆಲ್ಬಂ ಅಂದಿತು. ಅಮೆರಿಕದ ಮೊದಲ ಹತ್ತು ಹಾಡುಗಳಲ್ಲಿ ಅವರದೊಂದು ಸೇರಿದ್ದು 1987ರಲ್ಲಿ. ಅಂದ್ರೆ ಏಳು ವರ್ಷ ಊರಲ್ಲೇ ಇದ್ದು ಬೆಳೆದರು. ಇಲ್ಲಿದ್ದು ಏನೂ ಆಗಲ್ಲ ಅನ್ನುವ ನಿನ್ನ ಗೆಳೆಯನಿಗೆ ಇದನ್ನು ಹೇಳು.

ಇನ್ನು ಹೆಸರಿನ ಮಾತು. ಟ್ಯೂನ್ ಯಾರದೇ ಇರಲಿ, ಹಾಡಿನ ಕೆಳಗೆ ನಾಲ್ಕೂ ಹೆಸರು: ಬೆರಿ, ಬಕ್, ಮಿಲ್ಸ್, ಸ್ಟೈಪ್. ಡ್ರಮ್ಮರ್ ಹೆಸರೇ ಮೊದಲು. ಹಾಡಿನ ದುಡ್ಡೂ ಸಮಪಾಲು. ಅವರ ‘ಎವೆರಿಬಡಿ ಹರ್ಟ್ಸ್’ ಬಹುಪಾಲು ಬೆರಿ ಮಾಡಿದ ಹಾಡು ಅಂತ ಎಷ್ಟು ಜನಕ್ಕೆ ಗೊತ್ತು? ಆ ಹಾಡಿನಲ್ಲಿ ತಾಳ ಹಾಕಿದ್ದು ಒಂದು ಅಗ್ಗದ ಡ್ರಮ್ ಮಷಿನ್. ಹಾಡು ಶುರುವಾಗುವಾಗ ಹೆಡ್‌ಫೋನ್ ಹಾಕಿ ಕೇಳು. ಟಿಕ್ ಟಿಕ್ ಅಂತ ಒಂದೇ ಸಮನೆ ಹೋಗುತ್ತದೆ, ಏರಿಳಿತವೇ ಇಲ್ಲ. ಆ ಹಾಡಿಗೆ ಅದೇ ಬೇಕಿತ್ತು. ಹಾಗಾಗಿ ಲ್ಯಾಪ್‌ಟಾಪ್ ಡ್ರಮ್ ಕೆಟ್ಟದ್ದೇನಲ್ಲ, ಹಾಡು ಒಪ್ಪಬೇಕು ಅಷ್ಟೇ.

1995ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನುಡಿಸುತ್ತಿದ್ದಾಗಲೇ ಬೆರಿಗೆ ತಲೆಯಲ್ಲಿ ವಿಪರೀತ ನೋವು ಬಂತು. ಮಿದುಳಿನ ರಕ್ತನಾಳದ ತೊಂದರೆ. ಆಪರೇಷನ್ ಆಗಿ, ಚೇತರಿಸಿಕೊಂಡು ಮತ್ತೆ ನುಡಿಸಿದ. 1997ರಲ್ಲಿ ಬ್ಯಾಂಡ್ ಬಿಟ್ಟ. ನಾನು ಹೋದರೆ ಬ್ಯಾಂಡ್ ಒಡೆಯುತ್ತದೆ ಅನ್ನೋದಾದ್ರೆ ಹೋಗಲ್ಲ ಅಂತ ಹೇಳಿಯೇ ಬಿಟ್ಟ. ಹೋಗಿ ದನಕರುಗಳಿಗೆ ಹುಲ್ಲು ಬೆಳೆಯುವ ರೈತನಾದ. ಉಳಿದ ಮೂವರು 1998ರಲ್ಲಿ ‘ಅಪ್’ ಆಲ್ಬಂ ಮಾಡುವಾಗ ಬ್ಯಾಂಡ್ ಮುರಿದೇ ಹೋಗುವ ಮಟ್ಟಕ್ಕೆ ಬಂದಿತ್ತು. ಆಮೇಲೆ ಬೇರೆ ಡ್ರಮ್ಮರ್‌ಗಳನ್ನು ಕರೆದು ನುಡಿಸಿದರು, ಆದರೆ 2011ರಲ್ಲಿ ನಿಲ್ಲಿಸುವವರೆಗೂ ಬ್ಯಾಂಡ್ ಅಂದ್ರೆ ಆ ಮೂವರೇ. ಬೆರಿ ಹೋದ ಮೇಲಿನ ಆಲ್ಬಂಗಳು ನನ್ನ ಮನಸ್ಸಿಗೆ ಅಷ್ಟು ಹತ್ತಲಿಲ್ಲ. ಆ ಡ್ರಮ್ಸ್ ಎಲ್ಲೂ ಮೆರೆಯುತ್ತಿರಲಿಲ್ಲ, ಆದ್ರೆ ಇಲ್ಲದಿದ್ದಾಗ ಗೊತ್ತಾಯಿತು.

ರಾಯಚೂರು ಬಿಸಿಲು:
ಮಾಮ, ‘ಅಪ್’ ಬಗ್ಗೆ ನಾನು ಒಪ್ಪಲ್ಲ. ಒಬ್ಬನಿಲ್ಲದ ಜಾಗವನ್ನು ಅವರು ಮುಚ್ಚಿಡಲಿಲ್ಲ, ಅದಕ್ಕೇ ಆ ಆಲ್ಬಂ ನನಗೆ ತುಂಬಾ ಇಷ್ಟ. ರಾತ್ರಿ ಪಾಳಿ ಮುಗಿಸಿ ಬಸ್ಸಲ್ಲಿ ಬರುವಾಗ ಅದನ್ನೇ ಕೇಳುತ್ತೇನೆ.

ಕೌಲ್‌ಬಜಾರ್ ತಮ್ಮನಿಗೆ ಇನ್ನೊಂದು ಮಾತು. 2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹಾಡು ಬರೆಯುವವರಿಗೆ ಕೊಡುವ ದೊಡ್ಡ ಗೌರವ ಈ ನಾಲ್ವರಿಗೂ ಸಿಕ್ಕಿತು. ಬೆರಿಯೂ ಬಂದಿದ್ದ. ನಾಲ್ವರೂ ಸ್ಟೇಜ್ ಹತ್ತಿ ‘ಲೂಸಿಂಗ್ ಮೈ ರಿಲಿಜನ್’ ನುಡಿಸಿದರು. ಅದು ಬಕ್ ಹೊಸದಾಗಿ ಮ್ಯಾಂಡೊಲಿನ್ ಕಲಿಯುವಾಗ ಕೈಗೆ ಸಿಕ್ಕ ಟ್ಯೂನ್. 1991ರ ಅದರ ವಿಡಿಯೋ ಮಾಡಿದ ತರ್ಸೇಮ್ ಸಿಂಗ್ ನಮ್ಮ ಪಂಜಾಬಿನ ಜಲಂಧರದಲ್ಲಿ ಹುಟ್ಟಿದವರು. ಹೆಸರು, ದುಡ್ಡು ಎರಡನ್ನೂ ಹಂಚಿಕೊಂಡಿದ್ದಕ್ಕೇ ಅಷ್ಟು ವರ್ಷ ಆದ ಮೇಲೂ ಒಟ್ಟಿಗೆ ನಿಲ್ಲಲು ಆಯಿತು ಅಂತ ನನಗೆ ಅನ್ನಿಸುತ್ತದೆ.

ಕೌಲ್‌ಬಜಾರ್ ಗಿಟಾರ್:
ಮಾಮ, ಅಕ್ಕಾ, ತುಂಬಾ ಥ್ಯಾಂಕ್ಸ್. ನಿನ್ನೆ ನಾಲ್ವರೂ ಕೂತು ಓದಿದೆವು. ನಾಲ್ಕೂ ಹೆಸರು ಹಾಕುತ್ತೇವೆ. ಬೆಂಗಳೂರಿನ ಮಾತು ಇನ್ನೂ ಮುಗಿದಿಲ್ಲ. ನಾಟಿ ಶುರುವಾಗುವ ಮುಂಚೆ ಅವನ ಡ್ರಮ್ಸ್ ರೆಕಾರ್ಡ್ ಮಾಡಬೇಕು. ಸ್ಟುಡಿಯೋಗೆ ದುಡ್ಡಿಲ್ಲ, ಈ ರೂಮಿನಲ್ಲೇ ಆಗುತ್ತದಾ?

ಮೈಕ್‌ಸೆಟ್ ಮಾಮ:
ಆಗುತ್ತದೆ. ನಾಲ್ಕು ಮೈಕ್ ಸಾಕು: ಬೇಸ್ ಡ್ರಮ್‌ಗೆ ಒಂದು, ಸ್ನೇರ್‌ಗೆ, ಅಂದ್ರೆ ಡ್ರಮ್ಮರ್ ಮುಂದಿರುವ ಚಿಕ್ಕ ಡ್ರಮ್‌ಗೆ ಒಂದು, ತಲೆ ಮೇಲೆ ಎರಡು. ಸ್ನೇರ್‌ನಿಂದ ಆ ಎರಡು ಮೈಕ್‌ಗೂ ಒಂದೇ ದೂರ ಇರಬೇಕು, ದಾರ ಹಿಡಿದು ಅಳೆಯಿರಿ. ಫ್ಯಾನ್ ಆಫ್ ಮಾಡಿ. ಆಷಾಢದಲ್ಲಿ ಮದುವೆ ಇರಲ್ಲ, ನನ್ನ ಮೈಕ್‌ಗಳು ಸುಮ್ನೆ ಕೂತಿರುತ್ತವೆ. ಬಂದು ತಗೊಂಡು ಹೋಗಿ, ಬಾಡಿಗೆ ಬೇಡ.