ವಾಚಿನೊಳಗಿನ ‘ಟೋಕನ್’ ಮತ್ತು ‘ಸ್ಮಾರ್ಟ್ ಸಾಧನ’: ಸೂಕ್ತ ಕನ್ನಡ ಪದಗಳು ಯಾವುವು?

ಮಾನ್ಯರೆ,

ಇಂಟರ್ನೆಟ್ ಸಂಪರ್ಕವಿರುವ ವಾಚು, ಸೌಂಡ್ ಬಾಕ್ಸ್ ಮುಂತಾದವು ಬ್ಯಾಂಕ್ ವ್ಯವಹಾರದಲ್ಲಿ ಹೇಗೆ ಬಳಕೆಯಾಗುತ್ತವೆ ಎಂಬುದನ್ನು ಮಂಡ್ಯದ ಗ್ರಾಹಕರಿಗೆ ತಿಳಿಸುವ ಕರಪತ್ರವೊಂದನ್ನು ಸಿದ್ಧಪಡಿಸುತ್ತಿದ್ದು, ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಟೋಕನ್’. ಕಾರ್ಡ್ ಸಂಖ್ಯೆಗೆ ಬದಲಾಗಿ ಟೋಕನ್ ಬಳಸಲು 2019ರಲ್ಲಿ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಮಟ್ಟಿಗೆ ಅನುಮತಿ ನೀಡಿದ ರಿಸರ್ವ್ ಬ್ಯಾಂಕು, 2021ರ ಆಗಸ್ಟ್‌ನಲ್ಲಿ ಅದನ್ನು ಕೈಗಡಿಯಾರದಂತಹ ಧರಿಸುವ ಸಾಧನಗಳಿಗೂ ವಿಸ್ತರಿಸಿತು. ಈ ವ್ಯವಸ್ಥೆಯಲ್ಲಿ ಕಾರ್ಡಿನ ನಿಜವಾದ ಸಂಖ್ಯೆ ವಾಚಿನಲ್ಲಿ ಇರುವುದಿಲ್ಲ; ಆ ಕಾರ್ಡು ಮತ್ತು ಆ ವಾಚು ಎರಡಕ್ಕೂ ಸೇರಿಸಿ ಕೊಟ್ಟ ಬೇರೊಂದು ಸಂಖ್ಯೆ ಇರುತ್ತದೆ, ಅದು ಸೋರಿಹೋದರೂ ಮತ್ತೊಂದು ಸಾಧನದಲ್ಲಿ ಕೆಲಸಕ್ಕೆ ಬಾರದು. ಆದರೆ ನಮ್ಮ ಹಿರಿಯ ಗ್ರಾಹಕರಿಗೆ ಟೋಕನ್ ಎಂದರೆ ಚೆಕ್ಕು ಕೊಟ್ಟಾಗ ಗುಮಾಸ್ತರು ಕೈಗಿಡುತ್ತಿದ್ದ ಹಿತ್ತಾಳೆಯ ಬಿಲ್ಲೆ. ಚೆಕ್ಕಿನ ಬದಲಿಗೆ ನಿಂತ ವಸ್ತು ಎಂಬ ಅರ್ಥದಲ್ಲಿ ಅದೂ ಇದಕ್ಕೆ ಹತ್ತಿರದ್ದೇ. ಆದರೆ ಬಿಲ್ಲೆ ತೋರಿಸಿದವರ ಕೈಗೆ ಹಣ ಹೋಗಿಬಿಡುವ ಭಯವಿದ್ದುದರಿಂದ ಅದನ್ನು ಜೋಪಾನವಾಗಿ ಹಿಡಿದು ಕೂರಬೇಕಿತ್ತು. ಹೊಸ ಟೋಕನ್ನಿನ ಗುಣ ಇದಕ್ಕೆ ತದ್ವಿರುದ್ಧ. ಹಳೆಯ ಪದವನ್ನೇ ಉಳಿಸಿದರೆ ಹಳೆಯ ಭಯವೂ ಜೊತೆಗೆ ಬರುತ್ತದೆಂದು ‘ಬದಲಿ ಸಂಖ್ಯೆ’ ಎಂದು ಬರೆದಿದ್ದೇನೆ. ಇದು ಸರಿಯೇ?

ಎರಡನೆಯದು ‘ಸ್ಮಾರ್ಟ್ ಸಾಧನ’. ‘ಜಾಣ’, ‘ಚತುರ’ ಎಂಬ ವಿಶೇಷಣಗಳು ಪತ್ರಿಕೆಗಳಲ್ಲಿ ಕಾಣುತ್ತವೆಯಾದರೂ, ಗ್ರಾಹಕರು ತಿಳಿಯಬೇಕಾದ ಭೇದವನ್ನು ಅವು ತೋರಿಸುವುದಿಲ್ಲ. ತರಕಾರಿ ಅಂಗಡಿಯ ಸೌಂಡ್ ಬಾಕ್ಸ್, ತನ್ನೊಳಗಿನ ಸಿಮ್ ಮೂಲಕ ಬಂದ ಸಂದೇಶವನ್ನು ಓದಿ ಹೇಳುತ್ತದೆಯೇ ಹೊರತು ಹಣವನ್ನು ಮುಟ್ಟುವುದಿಲ್ಲ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಿರುತ್ತದೆ. ಎಟಿಎಂ ಯಂತ್ರವನ್ನು ಯಾರಾದರೂ ಒಡೆಯಲು ಹೋದಾಗ ಅದುರುವಿಕೆಯನ್ನು ಗುರುತಿಸಿ ಎಚ್ಚರಿಸುವ ಸೆನ್ಸರ್ ಕೂಡ ಇದೇ ಜಾತಿಯದು. ವಾಚು ಹಾಗಲ್ಲ. ಪಾವತಿಯ ಆದೇಶ ಅದರಿಂದಲೇ ಹೊರಡುತ್ತದೆ. ಕಾರ್ಡನ್ನು ತಾಗಿಸಿ ಪಿನ್ ಇಲ್ಲದೆ ಪಾವತಿಸುವ ಮಿತಿಯನ್ನು 2021ರ ಜನವರಿಯಿಂದ 5,000 ರೂಪಾಯಿಗೆ ಏರಿಸಿರುವಾಗ, ಕಳೆದುಹೋದ ವಾಚು ಮತ್ತು ಕಳೆದುಹೋದ ಸೌಂಡ್ ಬಾಕ್ಸ್ ಒಂದೇ ಬಗೆಯ ನಷ್ಟವಲ್ಲ.

‘ಜಾಲಸಾಧನ’ ಎಂದು ಮೊದಲು ಬರೆದುಕೊಂಡಿದ್ದೆ. ‘ವಂಚಕರ ಜಾಲ’ ಎಂದು ದಿನವೂ ಓದುವ ಜನರ ಮುಂದೆ, ಅದರಲ್ಲೂ ಹಣದ ವಿಚಾರದಲ್ಲಿ, ಈ ಪದ ಇಡುವುದು ಬೇಡವೆನಿಸಿತು. ಒಂದೇ ಪದದ ಹಟ ಬಿಟ್ಟು ‘ಸುದ್ದಿ ತಿಳಿಸುವ ಸಾಧನ’, ‘ಪಾವತಿ ಮಾಡುವ ಸಾಧನ’ ಎಂದು ಎರಡಾಗಿ ಒಡೆದರೆ ಹೇಗೆ? ಎರಡನೆಯದನ್ನು ‘ಹಣ ಕೊಡುವ ಸಾಧನ’ ಎಂದು ಸರಳಗೊಳಿಸುವಂತಿಲ್ಲ, ಓದಿದವರಿಗೆ ಎಟಿಎಂ ನೆನಪಾಗುತ್ತದೆ. ಇದಕ್ಕಿಂತ ಚಿಕ್ಕದಾದ, ಆಡುಮಾತಿಗೆ ಒಗ್ಗುವ ಜೋಡಿ ಪದಗಳು ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಸೂಚಿಸಬೇಕು.