ಅತ್ತೆ "ಬಂದ್ಯೇನಮ್ಮಾ?" ಅಂದರೂ ಸಂಜೆ ಬೈದ ಹಾಗೆ ಕೇಳುತ್ತದೆ. ಯಾಕೆ?

ನಲಿಕಲಿ ಟೀಚರ್, ತಿಪಟೂರು:
ನನ್ನದು ನಲಿಕಲಿ ಕ್ಲಾಸು. ಒಂದರಿಂದ ಮೂರನೇ ತರಗತಿವರೆಗಿನ 38 ಮಕ್ಕಳು ಒಂದೇ ಕೋಣೆಯಲ್ಲಿ. ಬಿಸಿಯೂಟದ ಹೊತ್ತಿನಲ್ಲೂ ಕೂರಲು ಆಗುವುದಿಲ್ಲ. ಸಾರು ಕುದಿಯುತ್ತಿರುತ್ತದೆ, ಮಕ್ಕಳು ತಳ್ಳಾಡುತ್ತಾರೆ. ಐದೂವರೆಗೆ ಬಸ್ ಇಳಿದು ಮನೆ ಹೊಸಿಲು ದಾಟುತ್ತೇನೆ. ಅತ್ತೆ ಅಡುಗೆಮನೆಯಿಂದಲೇ "ಬಂದ್ಯೇನಮ್ಮಾ?" ಅನ್ನುತ್ತಾರೆ. ಅಷ್ಟೇ. ನನಗೆ ಅದು "ಈಗ ಬಂದ್ಯಾ?" ಅಂತ ಕೇಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ಖಾರವಾಗಿ ಏನೋ ಅಂದುಬಿಡುತ್ತೇನೆ. ಭಾನುವಾರ ದೇವಸ್ಥಾನದಿಂದ ಬಂದಾಗ ಅದೇ ಮಾತು, ಅದೇ ದನಿ ಹಿತವಾಗಿರುತ್ತದೆ. ನನ್ನ ಸ್ವಭಾವವೇ ಕೆಟ್ಟಿದೆಯಾ, ಇಲ್ಲಾ ಇದರಲ್ಲಿ ಮೈಯ ಪಾಲೂ ಇದೆಯಾ? ಅತ್ತೆ ನಿಜಕ್ಕೂ ಒಳ್ಳೆಯವರು. ಅದಕ್ಕೇ ಸಂಕಟ.

ನಾಡಿ ಮೇಷ್ಟ್ರು, ದಾವಣಗೆರೆ:
ಸ್ವಭಾವ ಕೆಟ್ಟಿಲ್ಲ ತಾಯಿ. ನರ್ಸಿಂಗ್ ಮಕ್ಕಳಿಗೆ 27 ವರ್ಷ ಫಿಸಿಯಾಲಜಿ ಪಾಠ ಮಾಡಿದವನು ನಾನು. ಮೊದಲ ದಿನ ಒಂದೇ ಕೆಲಸ ಕೊಡುತ್ತಿದ್ದೆ. ನೀವೂ ಮಾಡಿ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ನಾಡಿ ಸ್ವಲ್ಪ ಚುರುಕಾಗುತ್ತದೆ. ಉಸಿರು ಬಿಡಿ, ನಿಧಾನವಾಗುತ್ತದೆ. ಇದು ವೇಗಸ್ ನರದ ಕೆಲಸ. ಮೆದುಳಿನ ಬುಡದಿಂದ ಹೊರಟು ಕತ್ತಿನ ಮೂಲಕ ಎದೆ, ಹೊಟ್ಟೆಗೆ ಇಳಿಯುವ ನರ ಅದು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ ಅದನ್ನು 70ರ ಆಸುಪಾಸಿಗೆ ಇಳಿಸುವುದು ವೇಗಸ್. ಗಲಾಟೆ, ಗಾಬರಿ ಬಂದರೆ ಮೊದಲು ಈ ಬ್ರೇಕ್ ಸಡಿಲವಾಗುತ್ತದೆ. ಹಿಂದೆಯೇ ಮೈಯನ್ನು ಹೊಡೆದಾಟಕ್ಕೋ ಓಟಕ್ಕೋ ಸಜ್ಜುಮಾಡುವ ಸಿಂಪಥೆಟಿಕ್ ನರಗಳು ಏಳುತ್ತವೆ. ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ನಾವು ಹೇಳಿ ಶುರುವಾಗುವುದಲ್ಲ, ಹೇಳಿದರೆ ನಿಲ್ಲುವುದೂ ಇಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಇನ್ನೂ ಮುಂದಿದೆ. ವೇಗಸ್‌ನ ಎಳೆಗಳಲ್ಲಿ ಐದಕ್ಕೆ ನಾಲ್ಕು ಮೈಯ ಸುದ್ದಿಯನ್ನು ಮೆದುಳಿಗೆ ಒಯ್ಯುವಂಥವು. ಆದರೆ ಆ ಸುದ್ದಿಯಲ್ಲಿ ಕಾರಣ ಬರೆದಿರುವುದಿಲ್ಲ. ಭಯಕ್ಕೂ ಸಿಟ್ಟಿಗೂ ಎದೆ ಹೆಚ್ಚುಕಡಿಮೆ ಒಂದೇ ಥರ ಹೊಡೆದುಕೊಳ್ಳುತ್ತದೆ. ಅಮೆರಿಕದ ಫಿಸಿಯಾಲಜಿ ವಿಜ್ಞಾನಿ ವಾಲ್ಟರ್ ಕ್ಯಾನನ್ 1927ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಕಾರಣವನ್ನು ಮೆದುಳು ಎದುರಿಗೆ ಇರುವವರನ್ನು ನೋಡಿ ಊಹಿಸುತ್ತದೆ.

1974ರಲ್ಲಿ ಡಟನ್ ಮತ್ತು ಆರನ್ ಅನ್ನುವವರು ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯಲ್ಲಿ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಕೆಳಗೆ 70 ಮೀಟರ್ ಆಳ, ಮೇಲೆ ತೂಗಾಡುವ ಹಲಗೆ. ದಾಟುತ್ತಿದ್ದ ಗಂಡಸರಿಗೆ ಒಬ್ಬ ಯುವತಿ ಪ್ರಶ್ನೆ ಕೇಳಿ ಫೋನ್ ನಂಬರ್ ಕೊಟ್ಟಳು. ಹತ್ತಿರದ ಗಟ್ಟಿ ಸೇತುವೆಯಲ್ಲಿ ಸಿಕ್ಕವರಿಗಿಂತ ಇಲ್ಲಿ ಸಿಕ್ಕವರೇ ಆಮೇಲೆ ಜಾಸ್ತಿ ಫೋನ್ ಮಾಡಿದರು. ಸೇತುವೆ ಎಬ್ಬಿಸಿದ ಎದೆಬಡಿತ ಯುವತಿಯ ಲೆಕ್ಕಕ್ಕೆ ಹೋಯಿತು ಅನ್ನುವುದು ಅವರ ವಿವರಣೆ. ಶಾಲೆಯಲ್ಲಿ 38 ಮಕ್ಕಳು ಎಬ್ಬಿಸಿದ್ದು ನಿಮ್ಮ ಮನೆಯಲ್ಲಿ ಅತ್ತೆಯ ಲೆಕ್ಕಕ್ಕೆ ಹೋಗುತ್ತಿದೆ.

ಒಳಗೆ ಹೋಗುವ ಮುಂಚೆ ಹತ್ತು ನಿಮಿಷ ಜಗಲಿಯಲ್ಲಿ ಕೂರಿ. ಉಸಿರು ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಲಿ. ಅತ್ತೆಗೂ ವಿಷಯ ಹೇಳಿ.

ಹುಬ್ಬಳ್ಳಿ ಹುಡುಗ:
ಸರ್, ನನಗೆ ಉಲ್ಟಾ. ಆಫೀಸಿನಲ್ಲಿ ಯಾರಾದರೂ ದನಿ ಏರಿಸಿದರೆ ಕೈಕಾಲು ತಣ್ಣಗಾಗುತ್ತದೆ, ಮಾತೇ ಹೊರಡುವುದಿಲ್ಲ. ಕೌನ್ಸೆಲರ್ ಒಬ್ಬರು ಪಾಲಿವೇಗಲ್ ಥಿಯರಿ ಅಂದರು. ಅದೇನಾ ಇದು?

ನಾಡಿ ಮೇಷ್ಟ್ರು, ದಾವಣಗೆರೆ:
ಸ್ಟೀಫನ್ ಪೋರ್ಜಸ್ ಅನ್ನುವ ಅಮೆರಿಕದ ಸಂಶೋಧಕರು 1994ರಲ್ಲಿ ಮುಂದಿಟ್ಟ ವಾದ ಅದು. ವೇಗಸ್‌ಗೆ ಎರಡು ದಾರಿ ಇವೆ, ಹೊಸದು ಜನರ ಜೊತೆ ಬೆರೆಯಲು, ಹಳೆಯದು ಅಪಾಯದಲ್ಲಿ ಮುದುಡಿಕೊಳ್ಳಲು ಅನ್ನುತ್ತಾರೆ. ಕೇಳಿದವರಿಗೆ "ಇದು ನನ್ನದೇ ಕಥೆ" ಅನ್ನಿಸುತ್ತದೆ. ಆದರೆ ಪಾಲ್ ಗ್ರಾಸ್‌ಮನ್ ಥರದ ಸಂಶೋಧಕರು ಅದರ ಬುಡವನ್ನೇ ಒಪ್ಪುವುದಿಲ್ಲ. ಹೊಸ ದಾರಿ ಸಸ್ತನಿಗಳಿಗೆ ಮಾತ್ರ ಇದೆ ಅಂತ ಪೋರ್ಜಸ್ ಅಂದರೆ, ಅಂಥದ್ದು ಬೇರೆ ಪ್ರಾಣಿಗಳಲ್ಲೂ ಇದೆ ಅನ್ನುತ್ತಾರೆ ಇವರು. ನಿಮ್ಮ ಅನುಭವ ನಿಜ, ಅದನ್ನು ಅನುಮಾನಿಸಬೇಡಿ. ಆ ಥಿಯರಿ ಇನ್ನೂ ವಾದದಲ್ಲಿದೆ, ಅಷ್ಟೇ. ಸೂಜಿ ಕಂಡು ತಲೆಸುತ್ತಿ ಬೀಳುವುದರಲ್ಲಂತೂ ವೇಗಸ್ ಪಾಲು ಖಂಡಿತ ಇದೆ. ನಮ್ಮ ಕಾಲೇಜಿನಲ್ಲಿ ಗಟ್ಟಿಮುಟ್ಟು ಹುಡುಗರೇ ಬೀಳುತ್ತಿದ್ದರು. ಮಲಗಿಸಿ ಕಾಲು ಎತ್ತಿ ಹಿಡಿಯುತ್ತಿದ್ದೆ.

ಸ್ಟಾಫ್ ನರ್ಸ್, ಮಂಡ್ಯ:
ಟೀಚರಕ್ಕ, ಒಂದು ಮಾತು. ಎದೆ ಹೊಡೆದುಕೊಳ್ಳುವುದು, ಸಿಡುಕು ಎರಡೂ ಥೈರಾಯ್ಡ್ ಜಾಸ್ತಿ ಆದಾಗಲೂ ಬರುತ್ತದೆ. ರಕ್ತ ಕಡಿಮೆ ಇದ್ದರೂ ಎದೆ ಬಡಿತ ಏರುತ್ತದೆ. ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ, ಹಿಮೋಗ್ಲೋಬಿನ್ ಎರಡನ್ನೂ ಒಮ್ಮೆ ನೋಡಿಸಿಕೊಳ್ಳಿ.

ನಲಿಕಲಿ ಟೀಚರ್, ತಿಪಟೂರು:
ಮೇಷ್ಟ್ರೇ, ಎರಡು ವಾರದಿಂದ ಜಗಲಿಯಲ್ಲಿ ಕೂತು ಒಳಗೆ ಹೋಗುತ್ತಿದ್ದೇನೆ. ಮೊದಲ ಮೂರು ದಿನ ಏನೂ ಗೊತ್ತಾಗಲಿಲ್ಲ. ನಾಲ್ಕನೇ ದಿನ "ಬಂದ್ಯೇನಮ್ಮಾ" ಅನ್ನುವುದು ಬರೀ "ಬಂದ್ಯೇನಮ್ಮಾ" ಅಂತಲೇ ಕೇಳಿಸಿತು. ಆಮೇಲೂ ಒಂದು ದಿನ ತಪ್ಪಿತು, ಇನ್ಸ್‌ಪೆಕ್ಷನ್ ಇತ್ತು.

ಮೊನ್ನೆ ಅತ್ತೆಗೆ ಎಲ್ಲಾ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಐದೂವರೆ ಬಸ್ ಹಾರ್ನ್ ಕೇಳಿದರೆ ನನ್ನ ಎದೆಯೂ ಹೊಡ್ಕೊಳ್ತಿತ್ತು ಕಣಮ್ಮಾ. ಇವತ್ತು ಏನಂತಾಳೋ ಅಂತ" ಅಂದರು.

ನರ್ಸಮ್ಮ, ರಕ್ತ ಕೊಟ್ಟು ಬಂದಿದ್ದೇನೆ. ಗುರುವಾರ ರಿಪೋರ್ಟ್. ಅತ್ತೆಯದೂ ಕೊಡಿಸಿದೆ.